ಮರಣಬಾವಿಗೆ ಮುಖ ಬರೆದವರು

ಫ್ಲೆಕ್ಸ್ ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯನಿಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡುವ ಕೆಲಸ ಕೊನೆಗೆ ನನ್ನ ಪಾಲಿಗೇ ಬಂತು. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಪ್ರಿಂಟಿಂಗ್ ಅಂಗಡಿ. ನಾಯಕರ ಹುಟ್ಟುಹಬ್ಬ, ಮದುಮಕ್ಕಳಿಗೆ ಸ್ವಾಗತ, ಸತ್ತವರಿಗೆ ಕಂಬನಿ, ಎಲ್ಲವೂ ಒಂದೇ ಮೆಷಿನ್ನಿನ ಹೊಟ್ಟೆಯಿಂದ ಬರುತ್ತವೆ. ಹೋದ ವರ್ಷ ಅವರು ತೀರಿಕೊಂಡ ಮೇಲೆ ಅವರ ಮಗಳು ರೇಣುಕಾ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತಳು.

“ಅಪ್ಪಂದೊಂದು ಬೋರ್ಡ್ ಆಗ್ಬೇಕ್ರಿ ಅಕ್ಕಾ. ಗಿರಣಿ ಗೇಟಿಗೆ ಕಟ್ಟಾಕ.”

“ಫೋಟೋ ಕೊಡು.”

“ಅದೇ ಇಲ್ರಿ.”

ಒಂದಿತ್ತು, ಆಧಾರ್ ಕಾರ್ಡಿನಲ್ಲಿ. ಅದನ್ನು ದೊಡ್ಡದು ಮಾಡಿ ಇಬ್ಬರೂ ನೋಡಿದೆವು. ಕ್ಯಾಮೆರಾದ ಮೇಲೆ ಸಿಟ್ಟಾಗಿ ಕೂತ ಯಾರೋ ಒಬ್ಬರು ಕಂಡರೇ ಹೊರತು ಅವರು ಕಾಣಲಿಲ್ಲ. ಊರೂರಿನ ಮೈದಾನಗಳಲ್ಲಿ ದೊಡ್ಡ ದೊಡ್ಡ ಮುಖ ಬರೆದು ನಿಲ್ಲಿಸಿದವರ ಮುಖವೇ ನಮ್ಮ ಹತ್ತಿರ ಇರಲಿಲ್ಲ. “ಏನಾರ ಸಿಗ್ತೈತೇನೋ ನೋಡ್ತೀನ್ರಿ” ಎಂದು ಕಾರ್ಡನ್ನು ಸೆರಗಿನಲ್ಲಿ ಒರೆಸಿಕೊಂಡು ರೇಣುಕಾ ಎದ್ದು ಹೋದಳು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಾವು ಬರೆದ ಯಾವುದರ ಮೇಲೂ ಅವರು ಸಹಿ ಹಾಕಿದವರಲ್ಲ. ಯಾಕೆಂದು ಕೇಳಿದರೆ, “ಹುಲಿ ಪಕ್ಕ ನನ್ನ ಹೆಸ್ರು ಬರೆದ್ರೆ ಜನ ಹುಲಿ ನೋಡ್ತಾರಾ, ನನ್ನ ನೋಡ್ತಾರಾ?” ಎನ್ನುತ್ತಿದ್ದರು. ವಿನಯದಿಂದ ಆಡಿದ ಮಾತು ಅಂದುಕೊಳ್ಳಬೇಡಿ. ತಮ್ಮ ಹೆಸರು ಹುಲಿಗಿಂತ ಹೆಚ್ಚು ಜನರನ್ನು ಸೆಳೆದುಬಿಡುತ್ತದೆ ಎಂಬ ನಂಬಿಕೆ ಅವರಿಗಿತ್ತು. ಊರಿನಲ್ಲಿ ಅವರನ್ನು ಎಲ್ಲರೂ ‘ಮುಖದ ಪೇಂಟರು’ ಅನ್ನುತ್ತಿದ್ದರು.

ಎಗ್ಜಿಬಿಷನ್ ಮೈದಾನದಲ್ಲಿ ಸಾಲಾಗಿ ಶೋಗಳು ನಿಲ್ಲುತ್ತವಲ್ಲ, ಮರಣಬಾವಿ, ನಾಗಕನ್ಯೆ, ಕನ್ನಡಿಮನೆ, ಜಾದೂ, ಅವುಗಳ ಮುಂದೆ ಎದ್ದು ನಿಂತಿರುವ ತಗಡಿನ ಗೋಡೆಗೆ ಆ ಕಸುಬಿನವರು ‘ಮುಖ’ ಅನ್ನುತ್ತಾರೆ. ಹಿಂದೆ ಇರುವುದು ತೇಪೆ ಹಾಕಿದ ಡೇರೆ. ಮುಂದೆ ಎರಡಾಳೆತ್ತರ ಬಣ್ಣ, ಸುತ್ತ ಬಲ್ಬು, ನಡುವೆ ಬಗ್ಗಿ ಹೋಗಬೇಕಾದ ಒಂದು ಸಣ್ಣ ಬಾಗಿಲು. ಮಳೆಗಾಲದಲ್ಲಿ ಶೋಗಳಿಗೆ ರಜೆ. ಆಗ ಹಾವೇರಿ ಕಡೆಯ, ಶಿರಸಿ ಕಡೆಯ ಮಾಲೀಕರು ತಮ್ಮ ಮುಖಗಳನ್ನು ಬಿಚ್ಚಿ, ಮಡಚಿ, ಲಾರಿಗೆ ಹಾಕಿ ನಮ್ಮೂರಿನ ಮುಚ್ಚಿದ ಅಕ್ಕಿ ಗಿರಣಿಗೆ ತಂದಿಳಿಸುತ್ತಿದ್ದರು. ಗಿರಣಿಯ ದೊಡ್ಡ ಶೆಡ್ಡಿನಲ್ಲಿ ಪೇಂಟರ ಕೆಲಸ. ಶೆಡ್ಡಿಗೂ ನನ್ನ ಅಂಗಡಿಗೂ ನಡುವೆ ಒಂದು ಕಾಂಪೌಂಡು, ಅದರಲ್ಲೊಂದು ಕಿಂಡಿ. ನನಗೆ ಇಣುಕುವ ಚಟ ಹುಟ್ಟಿನಿಂದಲೇ ಇದೆ. ಕಿರಾಣಿ ಅಂಗಡಿಯವರ ಮಗಳು ನಾನು, ಗಿರಾಕಿಯ ಚೀಲದಲ್ಲಿ ಏನಿದೆ ಎಂದು ನೋಡುತ್ತಲೇ ಬೆಳೆದವಳು.

“ಬಾ ಮಾರಾಯ್ತಿ, ಕಿಂಡಿಯಿಂದ ಎಂತ ನೋಡ್ತಿ? ಒಳಗೇ ಬಾ” ಎಂದು ಒಂದು ದಿನ ಕರೆದರು. ಅವರು ಸೊರಬ ತಾಲ್ಲೂಕಿನ ಜಡೆಯವರು. ಶಿಕಾರಿಪುರದಲ್ಲಿ ಅಷ್ಟು ವರ್ಷ ಇದ್ದರೂ ಮಾತು ಅಲ್ಲಿಯದೇ. ನಮ್ಮ ‘ಐತಿ’ಯನ್ನು ಅವರು ಆಗಾಗ ಅಣಕಿಸಿ ಆಡುವುದು, ಅವರ ‘ಎಂತ’ವನ್ನು ನಾನು ಅಣಕಿಸುವುದು, ಹೀಗೇ ನಮ್ಮ ಸ್ನೇಹ ಬೆಳೆಯಿತು.

ಮುಖ ಬರೆಯುವ ಮೊದಲು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಜನ ಯಾವ ಕಡೆಯಿಂದ ಬರುತ್ತಾರೆ? ಮೈದಾನದ ಗೇಟು ಎಡಕ್ಕಿದ್ದರೆ ಅತಿ ಭಯಂಕರವಾದ ಚಿತ್ರ ಬಲತುದಿಗೆ. ದೂರದಿಂದ ಅದನ್ನು ಕಂಡವರು ಹತ್ತಿರ ನೋಡಲು ನಡೆಯುತ್ತಾರೆ, ನಡೆಯುವಾಗ ಟಿಕೆಟ್ ಬಾಗಿಲು ದಾಟುತ್ತಾರೆ, ನೋಡಿ ಮುಗಿಸಿ ತಿರುಗಿದರೆ ಮತ್ತೆ ಅದೇ ಬಾಗಿಲು. “ಎರಡು ಸಲ ಬಾಗಿಲು ದಾಟಿಸ್ಬೇಕು. ಒಂದ್ಸಲಕ್ಕೆ ಯಾರೂ ಮನಸ್ಸು ಮಾಡಲ್ಲ” ಎಂಬುದು ಅವರ ಲೆಕ್ಕ. ತಗಡುಗಳನ್ನು ಕೀಲು ಹಾಕಿ ಮಡಚುವಂತೆ ಜೋಡಿಸಿರುತ್ತಾರೆ. ಮಡಿಕೆ ಬರುವ ಕಡೆ ಬಣ್ಣ ಬೇಗ ಉದುರುತ್ತದೆ. ಹಾಗಾಗಿ ಮಡಿಕೆಯ ಮೇಲೆ ಕಣ್ಣು ಬರಬಾರದು, ಬಾಯಿ ಬರಬಾರದು, ಬಂದರೆ ಹುಲಿಯ ಬಾಲವೋ ಆಕಾಶವೋ ಬರಬೇಕು. ಹೊಸ ಬಣ್ಣ ಕಲೆಸಿದಾಗ ಒಂದು ಚೂರು ತಗಡಿಗೆ ಹಚ್ಚಿ, ಒಣಗಿದ ಮೇಲೆ ರಸ್ತೆಯ ಧೂಳು ಎರಚಿ ನೋಡುತ್ತಿದ್ದರು. ಧೂಳು ಕೂತ ಮೇಲೂ ಕೆಂಪು ಕೆಂಪಾಗಿಯೇ ಕಂಡರೆ ಮಾತ್ರ ಡಬ್ಬಿ ತೆರೆಯುವುದು.

ಎಲ್ಲಕ್ಕಿಂತ ದೊಡ್ಡ ನಿಯಮ ಉಜ್ಜುವುದು. ಹಳೆಯ ಚಿತ್ರವನ್ನು ಉಪ್ಪುಕಾಗದ ಹಾಕಿ ಬರೀ ತಗಡು ಕಾಣುವ ತನಕ ಉಜ್ಜದೆ ಹೊಸದನ್ನು ಬರೆಯುತ್ತಿರಲಿಲ್ಲ. ಕೂಲಿಗೆ ಬಂದವರು ಬೇಜಾರಾಗಿ ಅರ್ಧ ಉಜ್ಜಿ ಕೈತೊಳೆದುಕೊಂಡರೆ ಬೈಗುಳ. “ಉಜ್ಜದೆ ಬಳಿದ್ರೆ ಹಳೇದು ಸುಮ್ನೆ ಕೂರ್ತದಾ? ಒಂದಿನ ಹೊಸದನ್ನ ದೂಡ್ಕಂಡು ಹೊರಗೆ ಬರ್ತದೆ ನೋಡು.”

ಕಾಡಿನ ಕಡೆಯ ಊರುಗಳಿಗೆ ಹೋಗುವ ಮುಖದ ಮೇಲೆ ಅವರು ಮಂಗನನ್ನು ಬರೆಯುತ್ತಿರಲಿಲ್ಲ. ಹೊರಗಿನ ಮಾಲೀಕನೊಬ್ಬ ಸೈಕಲ್ ತುಳಿಯುವ ಮಂಗ ಬೇಕೇ ಬೇಕೆಂದು ಹಟ ಹಿಡಿದಾಗ ಕರಡಿಯನ್ನು ಬರೆದುಕೊಟ್ಟರು. ಅವನು ರೇಗಿದ. ಇವರು, “ನಿಮ್ಮೂರಲ್ಲಿ ಮಂಗ ಕಂಡ್ರೆ ಮಕ್ಳು ನಗ್ತಾವೆ. ಕ್ಯಾಸನೂರು ಕಡೆ ಮಂಗ ಸತ್ತು ಬಿದ್ರೆ ಮನೆಮನೇಲೂ ಜ್ವರದ ಹೆದ್ರಿಕೆ. ಅಲ್ಲಿ ಯಾರನ್ನ ನಗಿಸ್ತಿ ನೀನು?” ಎಂದರು. ಅವನು ಕರಡಿಯನ್ನೇ ತೆಗೆದುಕೊಂಡು ಹೋದ.

ಹಾಗೆಂದು ಅವರಿಗೆ ಎಲ್ಲವೂ ತಿಳಿದಿತ್ತು ಎಂದಲ್ಲ. ಕಾಗುಣಿತ ದೇವರಿಗೇ ಪ್ರೀತಿ. ‘ಭಯಂಕರ’ಕ್ಕೆ ಬಾಲ ಇರುತ್ತಿರಲಿಲ್ಲ, ‘ಬಯಂಕರ’ ಆಗುತ್ತಿತ್ತು. ‘ಸಾಹಸ’ ಒಮ್ಮೆ ‘ಸಹಾಸ’ವಾಗಿ ಹುಬ್ಬಳ್ಳಿ ತನಕ ಹೋಗಿ ಬಂತು. ನಾನು ಚಾಕ್‌ಪೀಸಿನಲ್ಲಿ ತಿದ್ದಿ ಕೊಟ್ಟರೆ, “ನಿಂದು ಓದಾಕೆ ಚೆನ್ನಾಗದೆ, ನಂದು ಹೆದ್ರಾಕೆ ಚೆನ್ನಾಗದೆ” ಎಂದು ತಮ್ಮದನ್ನೇ ಉಳಿಸಿಕೊಳ್ಳುತ್ತಿದ್ದರು. ಅವರಿಗೆ ಹೆಣ್ಣಿನ ಮುಖ ಬರೆಯಲು ಬರುತ್ತಿದ್ದುದೂ ಒಂದೇ ಥರ. ನಾಗಕನ್ಯೆಗೂ ಅದೇ ಮುಖ, ಮತ್ಸ್ಯಕನ್ಯೆಗೂ ಅದೇ, ಜಾದೂಗಾರನ ಪೆಟ್ಟಿಗೆಯಲ್ಲಿ ತುಂಡಾಗುವವಳಿಗೂ ಅದೇ. ಅಗಲ ಹಣೆ, ಸ್ವಲ್ಪ ಮೇಲೆದ್ದ ಗದ್ದ. ರೇಣುಕಾ ಬೆಳೆಯುತ್ತ ಬಂದಂತೆ ಅವಳಿಗೂ ಅದೇ ಹಣೆ, ಅದೇ ಗದ್ದ ಬಂದುಬಿಟ್ಟಿತು. ಮಗಳು ಅಪ್ಪನ ತಗಡು ನೋಡಿಕೊಂಡೇ ಬೆಳೆದಳು ಎಂದು ನಾವು ನಗುತ್ತಿದ್ದೆವು.

ನನಗೆ ಅತಿ ವಿಚಿತ್ರವಾಗಿ ಕಂಡದ್ದು ಇನ್ನೊಂದು. ಅವರು ಯಾವ ಶೋದ ಒಳಗೂ ಕಾಲಿಟ್ಟವರಲ್ಲ. ಜೀವಮಾನವಿಡೀ ಮರಣಬಾವಿಗಳಿಗೆ ಮುಖ ಬರೆದರು, ಬಾವಿಯೊಳಗೆ ಇಣುಕಲಿಲ್ಲ. ಮಾಲೀಕರು ಕೈ ಹಿಡಿದು ಎಳೆದರೂ ಹೋಗಲಿಲ್ಲ. ನನ್ನಂಥ ಇಣುಕುಬುರುಕಿಗೆ ಇದನ್ನು ನಂಬಲಿಕ್ಕೇ ಆಗಲಿಲ್ಲ.

“ಒಳಗೆ ಏನೈತಿ ಅಂತ ಗೊತ್ತಿಲ್ದೆ ಹೆಂಗ್ರೀ ಬರೀತೀರಿ?”

“ಗೊತ್ತಾದ್ರೆ ಹೆಂಗೆ ಬರೆಯಾದು ಹೇಳು. ಒಳಗೆ ಒಂದು ಬಡಕಲು ಹುಡುಗಿ ಪ್ಲಾಸ್ಟಿಕ್ ಹಾವಿನ ಬಾಲದಲ್ಲಿ ಕಾಲು ತೂರಿಸ್ಕಂಡು ಕೂತಿರ್ತದೆ. ಅದನ್ನ ಒಂದ್ಸಲ ನೋಡ್ಬಿಟ್ರೆ ಮುಗೀತು, ಕೈ ಸಣ್ಣದಾಗ್ಬಿಡ್ತದೆ. ಒಳಗಿಂದು ಒಳಗಿನೋರಿಗೆ. ನಂದು ಮುಖ.”

ಈ ಹಟವೇ ಮುಂದೆ ಅಪ್ಪ ಮಗಳ ನಡುವೆ ನಿಂತಿತು.

ಹಾವೇರಿ ಕಡೆಯ ಬಸಣ್ಣ ಎಂಬವರದೊಂದು ಮರಣಬಾವಿ ಇತ್ತು. ಹಲಗೆ ಜೋಡಿಸಿ ಕಟ್ಟಿದ ಆಳವಾದ ಬಾವಿ, ಅದರ ನೆಟ್ಟಗಿನ ಗೋಡೆಯ ಮೇಲೆ ಬೈಕು ಓಡಿಸುತ್ತಾರೆ, ಜನ ಮೆಟ್ಟಿಲು ಹತ್ತಿ ಮೇಲಿನ ಅಂಚಿನಿಂದ ಬಗ್ಗಿ ನೋಡುತ್ತಾರೆ. ಪ್ರತಿ ಮಳೆಗಾಲ ಬಸಣ್ಣನ ಮುಖ ಗಿರಣಿಗೆ ಬರುತ್ತಿತ್ತು, ಜೊತೆಗೆ ಬೈಕು ಓಡಿಸುವ ಅವರ ಮಗನೂ ಬರುತ್ತಿದ್ದ. ಅಪ್ಪನಿಗೆ ಊಟ ತರುತ್ತಿದ್ದ ರೇಣುಕಾ ಒಂದು ವರ್ಷ ಆ ಹುಡುಗನ ಬೈಕಿನ ಹಿಂದೆ ಕೂತು ಹೋಗಿಬಿಟ್ಟಳು. ಹೇಳಿ ಹೋಗಲಿಲ್ಲ. ಮದುವೆಯಾದ ಸುದ್ದಿ ಫೋನಿನಲ್ಲಿ ಬಂತು. ತಾಯಿ ಮೊದಲೇ ಇರಲಿಲ್ಲ.

ಅವರು ಕೂಗಾಡಲಿಲ್ಲ, ಹುಡುಕಿಕೊಂಡು ಹೋಗಲಿಲ್ಲ, ಮಗಳ ಜೊತೆ ಮಾತು ಮಾತ್ರ ನಿಲ್ಲಿಸಿದರು. ಪೇಂಟರು ಮಗಳ ಕೈಬಿಟ್ಟರು ಎಂದು ಊರೆಲ್ಲ ಆಡಿಕೊಂಡಿತು. ಆದರೆ ಮುಂದಿನ ಮಳೆಗಾಲ ಬಸಣ್ಣನ ತಗಡು ಬಂದಾಗ ಬೇಡ ಅನ್ನಲಿಲ್ಲ. “ಸಿಟ್ಟು ಮಗಳ ಮೇಲೆ. ತಗಡು ಎಂತ ಮಾಡ್ತು?” ಎಂದು ಉಪ್ಪುಕಾಗದ ಕೈಗೆತ್ತಿಕೊಂಡರು.

ಈಗ ಆ ಮಳೆಗಾಲದ ಒಂದು ಫೋನಿನ ಸಂಗತಿ ಹೇಳಬೇಕು. ಪೇಂಟರ ಮೊಬೈಲು ಸದಾ ಸತ್ತಿರುತ್ತಿದ್ದುದರಿಂದ ಬಸಣ್ಣ ನನ್ನ ಅಂಗಡಿಗೆ ಫೋನ್ ಮಾಡಿದರು. ಪೇಂಟರು ಕೈಯಲ್ಲಿ ಚಹಾ ಹಿಡಿದು ಅಲ್ಲೇ ಕೂತಿದ್ದರು. ನಾನು ಸ್ಪೀಕರ್ ಹಾಕಿದೆ. ಹಳೆಯ ಮುಖದ ಮೇಲೆ ಬೈಕಿನ ಮೇಲೊಬ್ಬ ಹುಡುಗಿಯ ಚಿತ್ರವಿತ್ತು. ಆ ಕೆಲಸಕ್ಕಿದ್ದ ಹುಡುಗಿ ಬಿಟ್ಟುಹೋಗಿದ್ದಳು, ರೇಣುಕಾ ಟಿಕೆಟ್ ಹರಿಯುತ್ತಿದ್ದಳು, ಬಾವಿಯಲ್ಲಿ ಓಡಿಸಲು ಹೆಣ್ಣುಮಕ್ಕಳು ಯಾರೂ ಇರಲಿಲ್ಲ. ಬಸಣ್ಣ ಕೂಗಿ ಹೇಳಿದ್ದು ಇಷ್ಟು:

“ಪೇಂಟರ್ರ, ಈ ಸಲ ಹುಡುಗಿ ಕೈಬಿಟ್ಟು ಬರೀರಿ! ತಿಳೀತಿಲ್ಲೋ? ಹುಡುಗಿ ಕೈಬಿಟ್ಟು!”

“ಆತು, ಆತು” ಎಂದರು ಇವರು.

ಹುಡುಗಿಯನ್ನು ಸೇರಿಸಬೇಡಿ, ಬಿಟ್ಟುಬಿಡಿ ಎಂಬುದು ಬಸಣ್ಣನ ಮಾತಿನ ಅರ್ಥ. ನನಗೂ ಹಾಗೇ ಕೇಳಿಸಿತು. ಕೆಲವು ದಿನ ಕಳೆದು ಕಿಂಡಿಯಿಂದ ಇಣುಕಿದರೆ ಬಲತುದಿಯ ತಗಡಿನ ಮೇಲೆ ಆಳಿಗಿಂತ ದೊಡ್ಡ ಹುಡುಗಿ. ಕೆಂಪು ಬೈಕು, ಬಾವಿಯ ಗೋಡೆಗೆ ಅಡ್ಡಡ್ಡ ಹಾರುತ್ತಿದೆ. ಅವಳು ಹ್ಯಾಂಡಲ್ ಬಿಟ್ಟು ಎರಡೂ ಕೈಗಳನ್ನು ನೀಲಿ ಆಕಾಶಕ್ಕೆ ಎತ್ತಿದ್ದಾಳೆ. ಅದೇ ಅಗಲ ಹಣೆ, ಅದೇ ಗದ್ದ. ಹುಡುಗಿ ಅಕ್ಷರಶಃ ಕೈಬಿಟ್ಟಿದ್ದಳು. ನಾನು ಬಿದ್ದು ಬಿದ್ದು ನಕ್ಕೆ.

ತಗಡು ಒಯ್ಯಲು ಬಂದ ಬಸಣ್ಣ ತಲೆ ಚಚ್ಚಿಕೊಂಡರು. “ನಾ ಏನ್ ಹೇಳಿದ್ನಿ, ನೀವೇನ್ ಮಾಡೀರಿ!” ಹೊಸದಾಗಿ ಬರೆಸಲು ಹೊತ್ತಿರಲಿಲ್ಲ, ಲಾರಿ ನಿಂತಿತ್ತು. ಹಾಗೇ ಹೇರಿಕೊಂಡು ಹೋದರು.

ಆಮೇಲೆ ನಾನು ಅವರನ್ನು ಕೆದಕಿದೆ. “ನಿಜ ಹೇಳ್ರಿ, ನಿಮಗ ಹೆಂಗ ಕೇಳ್ತು ಆ ಮಾತು?”

“ಎರಡೂ ನಮೂನೆ ಕೇಳ್ತು ಮಾರಾಯ್ತಿ. ಬರೆಯಾಕೆ ಯಾವ್ದು ಚೆಂದವೋ ಅದನ್ನ ಬರೆದೆ.”

ಅದು ತಮಾಷೆಯೋ, ನಿಜವೋ, ಮಗಳನ್ನು ಚಿತ್ರದಿಂದಲೂ ಬಿಟ್ಟುಬಿಡಲು ಮನಸ್ಸು ಒಪ್ಪಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕೆಂಬ ಆಸೆ ಇವತ್ತಿಗೂ ಇದೆ.

ವರ್ಷಗಳು ಹೋದವು. ಊರಿನಲ್ಲಿ ನನ್ನ ಮೆಷಿನ್ನಿಗೆ ಕೆಲಸ ಹೆಚ್ಚಿತು, ಗಿರಣಿಗೆ ಬರುವ ತಗಡು ಕಡಿಮೆಯಾಯಿತು. ಹಳೆಯ ಮುಖಗಳನ್ನು ಮಾಲೀಕರು ಗುಜರಿಗೆ ಹಾಕಿದರು. ಆನವಟ್ಟಿ ಹತ್ತಿರ ಒಬ್ಬರು ಕುರಿದೊಡ್ಡಿಗೆ ಮತ್ಸ್ಯಕನ್ಯೆಯ ತಗಡು ಕಟ್ಟಿದ್ದರು, ಅವಳ ಮುಖ ಒಳಗಡೆ, ಕುರಿಗಳ ಕಡೆಗೆ. ಬಟ್ಟೆಯ ಮೇಲೆ ಬರೆದ ಹುಲಿಯೊಂದು ಮೆಕ್ಕೆಜೋಳದ ರಾಶಿಗೆ ಹೊದಿಕೆಯಾಗಿತ್ತು. ಇದನ್ನೆಲ್ಲ ನಾನು ಬೇಜಾರಿನಿಂದ ಹೇಳಿದರೆ ಅವರಿಗೆ ಖುಷಿ. “ಕುರಿಗಳಾದ್ರೂ ನಿಂತು ನೋಡ್ತಾವಲ್ಲ. ನಿನ್ನ ಫ್ಲೆಕ್ಸನ್ನ ಯಾರು ನಿಂತು ನೋಡ್ತಾರೆ? ಅದ್ರಲ್ಲಿರೋನು ಒಬ್ಬನೇ.” ನಿಂತರಾ ಎಂಬುದು ಅವರ ಅಳತೆ. ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ನಡೆಯುತ್ತಿದ್ದವರು ನಿಂತರಾ ಎಂದು ಕೇಳುತ್ತಿದ್ದರು.

ಮುಂದೊಂದು ಬೇಸಿಗೆಯಲ್ಲಿ ಬಸಣ್ಣನ ಮರಣಬಾವಿ ಆನವಟ್ಟಿಯ ಮೈದಾನಕ್ಕೆ ಬಂತು. ಆ ಹೊತ್ತಿಗೆ ಬಸಣ್ಣ ಮೂಲೆ ಸೇರಿದ್ದರು, ಮಗ ಸೊಸೆಯದೇ ಕಾರುಬಾರು. ನಾನು ಅಕ್ಕನ ಮನೆಗೆ ಹೋದವಳು ನೋಡಿಕೊಂಡು ಬರೋಣ ಎಂದು ಹೋದೆ. ಮುಖದ ಮುಂದೆ ಜನ ಬಾಯಿ ತೆರೆದುಕೊಂಡು ನಿಂತಿದ್ದರು. ಟಿಕೆಟ್ ತೆಗೆದುಕೊಂಡು ಮೆಟ್ಟಿಲು ಹತ್ತಿ ಬಗ್ಗಿದೆ. ಕೆಳಗೆ ಕೆಂಪು ಬೈಕಿನ ಮೇಲೆ ರೇಣುಕಾ. ಗಡಗಡ ಎಂದು ಹಲಗೆ ನಡುಗಿತು, ಬೈಕು ಸುತ್ತುತ್ತ ಸುತ್ತುತ್ತ ಗೋಡೆ ಏರಿತು, ನನ್ನ ಮೂಗಿನ ಕೆಳಗೇ ಬಂತು. ಅವಳು ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿದಳು. ನಾನು ಕಣ್ಣು ಮುಚ್ಚಿಕೊಂಡೆ.

ಆಟ ಮುಗಿದ ಮೇಲೆ ಅವಳು ನನ್ನನ್ನು ಗುರುತು ಹಿಡಿದು ಡೇರೆಗೆ ಕರೆದು ಚಹಾ ಕೊಟ್ಟಳು.

“ಎಲ್ಲಿ ಕಲ್ತಿ ಇದನ್ನ? ಜೀವದ ಮ್ಯಾಲೆ ಆಸೆ ಇಲ್ಲೇನು?”

“ಕಲೀಲೇಬೇಕಾತ್ರಿ ಅಕ್ಕಾ. ಜನ ಬಂದು ಎಲ್ಲೈತ್ರಿ ಆ ಕೈ ಬಿಡೋ ಹುಡುಗಿ, ಮುಖದಾಗ ಐತಲ್ಲ ಅಂತ ಜಗಳ ತೆಗೆಯೋರು. ನಮ್ಮವರಿಗೆ ತಲಿ ಕೆಟ್ಟು ಅಳಿಸಿಬಿಡೂನು ಅಂದ್ರು. ನಾ ಬ್ಯಾಡ ಅಂದೆ. ಅಪ್ಪ ಬರೆದಾನ ಅಂದ್ಮ್ಯಾಲೆ ನನ್ನ ಕೈಲಿ ಆಗ್ತೈತಿ ಅಂತ ಬರೆದಾನ ಅಂದ್ಕಂಡೆ.” ಚಹಾದ ಲೋಟ ಕೆಳಗಿಟ್ಟಳು. “ನನಗೊಂದೇ ಆಸೆ ನೋಡ್ರಿ. ಒಂದ್ಸಲ ಅಪ್ಪ ಮೆಟ್ಲ ಹತ್ತಿ ನೋಡ್ಬೇಕು. ಮಾತಾಡೋದು ಬಿಡ್ಲಿ, ನೋಡಿದ್ರ ಸಾಕು.”

ಇದನ್ನು ನಾನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದವಳು. ಮರುದಿನ ಮಧ್ಯಾಹ್ನ ಊರಿಗೆ ಬಂದವಳೇ ಶೆಡ್ಡಿಗೆ ಹೋಗಿ ಎಲ್ಲ ಹೇಳಿದೆ. ಅವರು ಬ್ರಷ್ ತೊಳೆಯುತ್ತಿದ್ದರು. ಬ್ರಷ್ ಬೆಳ್ಳಗಾದ ಮೇಲೂ ತೊಳೆಯುತ್ತಲೇ ಇದ್ದರು.

“ಎರಡೂ ಕೈಯಾ?” ಎಂದು ಕೇಳಿದರು.

“ಎರಡೂ.”

“ನಾನು ಬರೆದಿದ್ದಕ್ಕಾ?”

ಅವರು ನೀಲಿ ಡಬ್ಬಿ, ಗೋದಿ ಬಣ್ಣದ ಡಬ್ಬಿ, ಎರಡು ಬ್ರಷ್ ಚೀಲಕ್ಕೆ ಹಾಕಿಕೊಂಡರು. “ನಿನ್ನ ಸ್ಕೂಟಿ ತೆಗಿ” ಎಂದರು. ಶಿರಾಳಕೊಪ್ಪ ದಾಟಿದ ಮೇಲೆ ಹಿಂದಿನ ಸೀಟಿನಿಂದ ನನ್ನ ಭುಜ ತಟ್ಟಿ, “ಸುಳ್ಳು ಬರೆಯಾದು ನನ್ನ ಕೆಲ್ಸ. ಅದನ್ನ ನಿಜ ಮಾಡು ಅಂತ ಇವಳಿಗೆ ಯಾರು ಹೇಳಿದ್ರು?” ಎಂದರು. ಗಾಳಿಗೆ ಅರ್ಧ ಮಾತು ಹಾರಿಹೋಯಿತು. ಅವರಿಗೆ ಹೆದರಿಕೆಯಾಗಿದೆ ಎಂದು ದನಿಯಲ್ಲೇ ತಿಳಿಯಿತು.

ಆನವಟ್ಟಿಯಲ್ಲಿ ಸಂಜೆಯ ಆಟಕ್ಕೆ ಜನ ಸೇರುವ ಹೊತ್ತು. ಅವರು ಯಾರನ್ನೂ ಕೇಳದೆ ಬಲ್ಬು ಕಟ್ಟುವವನ ಏಣಿ ಎಳೆದು ಬಲತುದಿಗೆ ಒರಗಿಸಿ ಹತ್ತಿದರು. ಎತ್ತಿದ ಕೈಗಳ ಮೇಲೆ ನೀಲಿ ಬಳಿದು ಆಕಾಶ ಮಾಡಿದರು. ಆಮೇಲೆ ಭುಜದಿಂದ ಕೆಳಗೆ ಹೊಸ ಕೈಗಳನ್ನು ಇಳಿಸಿ, ಬೆರಳು ಬೆರಳನ್ನೂ ಹ್ಯಾಂಡಲ್‌ಗೆ ಬಿಗಿಯಾಗಿ ಸುತ್ತಿಸಿದರು. ಉಪ್ಪುಕಾಗದ ತಂದೇ ಇರಲಿಲ್ಲ. ಎಷ್ಟೋ ಜನರಿಗೆ ಬೈದು ಬುದ್ಧಿ ಹೇಳಿದವರು ಅವತ್ತು ತಾವೇ ಉಜ್ಜದೆ ಬಳಿದರು.

ಸುದ್ದಿ ಒಳಗೆ ಮುಟ್ಟಿ ರೇಣುಕಾ ಓಡಿ ಬಂದಳು. ಏಣಿಯ ಕೆಳಗೆ ನಿಂತು ಮೇಲೆ ನೋಡಿದಳು. ಮನೆ ಬಿಟ್ಟುಹೋದ ಮೇಲೆ ಅಪ್ಪ ಮಗಳು ಎದುರಾದದ್ದು ಅದೇ ಮೊದಲು.

“ಯಾಕಪ್ಪಾ ಕೆಡಸ್ತಿ?”

“ತಪ್ಪು ಬರೆದಿದ್ದೆ. ತಿದ್ದಾಕೆ ಬಂದೆ.”

“ತಪ್ಪೇನಿಲ್ಲ ಅದರಾಗ. ಒಳಗ ಬಂದು ನೋಡು, ನೀ ಬರೆದಂಗೇ ಮಾಡ್ತೀನಿ.”

“ಈಗ ಹಿಡ್ಕಂಡಂಗೆ ಬರೆದೀನಿ. ಹಂಗೇ ಮಾಡು” ಎಂದರು ಬ್ರಷ್ ನಿಲ್ಲಿಸದೆ.

“ಬಂದು ನೋಡ್ತಿಯೇನು ಹೇಳು, ಮಾಡ್ತೀನಿ.”

ಅವರು ಹೆಬ್ಬೆರಳಿನ ಉಗುರು ಬರೆಯುತ್ತಿದ್ದರು, ಅದೇನು ದೂರದವರಿಗೆ ಕಾಣುವುದಿತ್ತೇ? ರೇಣುಕಾ ಕಣ್ಣೊರೆಸಿಕೊಂಡು ಒಳಗೆ ಹೋದಳು. ಇಷ್ಟು ದೂರ ಬಂದವರು ಇನ್ನೆರಡು ಹೆಜ್ಜೆ ಇಡಲಾರರೇ ಎಂದು ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಬನ್ರಿ ಎಂದು ತೋಳು ಹಿಡಿದು ಎಳೆದೆ. ಮೆಟ್ಟಿಲ ತನಕ ಬಂದರು, ಕಟಕಟೆ ಹಿಡಿದರು, ಬಿಟ್ಟರು. “ನನ್ನ ಕೈಲಾಗಲ್ಲ ಮಾರಾಯ್ತಿ. ನೀನು ಹೋಗಿ ನೋಡ್ಕಂಡು ಬಾ” ಎಂದರು.

ನಾನು ಹತ್ತಿ ಹೋದೆ. ಬೈಕು ಶುರುವಾಯಿತು, ಗೋಡೆ ಏರಿತು. ರೇಣುಕಾ ಸುತ್ತುಸುತ್ತಿಗೂ ಮೇಲಿನ ಅಂಚಿನಲ್ಲಿದ್ದ ಮುಖಗಳನ್ನು ಹುಡುಕಿದಳು. ನನ್ನ ಪಕ್ಕ ಖಾಲಿ ಇತ್ತು. ಅವಳು ಹ್ಯಾಂಡಲ್ ಬಿಡಲಿಲ್ಲ. ಕಳೆದ ಆಟ ನೋಡಿದ್ದ ಹುಡುಗರು ಕೂಗಲು ಶುರುಮಾಡಿದರು. “ಕೈ ಬಿಡಬೇ ಅಕ್ಕಾ! ಕೈ ಬಿಡು!” ಒಬ್ಬರಿಂದ ಒಬ್ಬರಿಗೆ ಹಬ್ಬಿ ಇಡೀ ಬಾವಿಯ ಸುತ್ತ ಅದೇ ಕೂಗು, “ಕೈ ಬಿಡು! ಕೈ ಬಿಡು!” ಅವಳು ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು, ಎರಡೂ ಕೈಯಲ್ಲಿ ಹಿಡಿದೇ ಇಳಿದಳು. ಜನ ಸಿಳ್ಳೆ ಹಾಕಿ ಅಣಕಿಸಿದರು.

ಕೆಳಗೆ ಬಂದಾಗ ಅವರು ಮುಖದ ಹಿಂಬದಿಯಲ್ಲಿ ತಗಡಿಗೆ ಅಂಗೈ ಒತ್ತಿ ನಿಂತಿದ್ದರು. ಬಾವಿ ನಡುಗಿದರೆ ಆ ತಗಡೂ ನಡುಗುತ್ತದೆ. ಕೂಗೆಲ್ಲ ಕೇಳಿಸಿಕೊಂಡಿದ್ದರು.

“ಹಿಡ್ಕಂಡಿದ್ಲಾ?”

“ಹಿಡ್ಕಂಡೇ ಇದ್ಲು. ಇಳಿಯೋ ತನಕ.”

ತಲೆಯಾಡಿಸಿದರು. ಅಂಗೈ ತೆಗೆದು ಪಂಚೆಗೆ ಒರೆಸಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ, ಸ್ಕೂಟಿ ತರುವ ನೆಪ ಮಾಡಿ ಆ ಕಡೆ ಹೋದೆ.

ಅದಾದ ಮೇಲೆ ಮಳೆಗಾಲದಲ್ಲಿ ರೇಣುಕಾ ಊರಿಗೆ ಬರತೊಡಗಿದಳು. ಅಪ್ಪ ಮಗಳು ಮಾತಾಡುತ್ತಿದ್ದುದು ಬಣ್ಣದ ಬಗ್ಗೆ, ತಗಡಿನ ತುಕ್ಕಿನ ಬಗ್ಗೆ, ಸಾರಿಗೆ ಉಪ್ಪು ಸಾಲದ್ದರ ಬಗ್ಗೆ. ಈ ವರ್ಷನಾದ್ರೂ ಒಳಗ ಬಾ ಎಂದು ಅವಳು ಹೊರಡುವಾಗಲೆಲ್ಲ ಹೇಳುತ್ತಿದ್ದಳು. ನೋಡಾನ ಎಂದು ಅವರೂ ಹೇಳುತ್ತಿದ್ದರು. ನನಗೊಮ್ಮೆ ಅವಳು ಗುಟ್ಟಾಗಿ ಹೇಳಿದ್ದು ಬೇರೆ. “ಅವತ್ತು ಅಪ್ಪ ಹೊರಗ ನಿಂತಿದ್ದ ಅಂತ ಹಿಡ್ಕಂಡೆ ಅಷ್ಟ. ಮುಂದಿನ ಆಟಕ್ಕ ಬಿಟ್ಟೆ. ಹೇಳಬ್ಯಾಡ್ರಿ.” ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಕೊನೆಯ ಮಳೆಗಾಲದಲ್ಲಿ ಆ ಮುಖ ಮತ್ತೆ ಗಿರಣಿಗೆ ಬಂದಾಗ ಹುಲಿಗೆ ಹೊಸ ಪಟ್ಟೆ ಬಂತು, ಅಕ್ಷರಗಳಿಗೆ ಹೊಸ ಹಳದಿ ಬಂತು, ಬಲತುದಿಯ ತಗಡನ್ನು ಮಾತ್ರ ಅವರು ಮುಟ್ಟಲಿಲ್ಲ. ನೀಲಿ ಆಕಾಶದಲ್ಲಿ ಒಂದು ಕಡೆ ಚಕ್ಕೆ ಎದ್ದು, ಒಳಗಿಂದ ಹೆಬ್ಬೆರಳಿನಂಥದೇನೋ ಕಾಣುತ್ತಿತ್ತು.

“ಹಳೇದು ಇಣುಕ್ತಾ ಐತ್ರಿ” ಎಂದು ತೋರಿಸಿದೆ.

“ಇಣುಕ್ಲಿ ಬಿಡು. ನಿಂಗೊಬ್ಬಳಿಗೇ ಇರಾದಾ ಆ ಚಟ?” ಎಂದು ನಕ್ಕು ಬೀಡಿ ಹಚ್ಚಿದರು.

ಅವರು ತೀರಿಕೊಂಡದ್ದು ಆ ವರ್ಷದ ಕೊನೆಗೆ. ಶೋದ ಒಳಗೆ ಹೋಗಲೇ ಇಲ್ಲ.

ಫೋಟೋ ಹುಡುಕುತ್ತೇನೆಂದು ಹೋಗಿದ್ದ ರೇಣುಕಾ ಮರುದಿನ ಬಂದು ಮೊಬೈಲು ನನ್ನ ಮುಂದೆ ಹಿಡಿದಳು. “ಅಪ್ಪಂದು ಸಿಗಲಿಲ್ರಿ. ಇದನ್ನ ಹಾಕ್ರಿ.” ಆ ಬಲತುದಿಯ ತಗಡಿನ ಫೋಟೋ. ಬಿಸಿಲಿಗೆ, ಮಡಚಿ ಬಿಚ್ಚಿದ್ದಕ್ಕೆ ನೀಲಿ ಬಹಳಷ್ಟು ಉದುರಿಹೋಗಿತ್ತು. ಎತ್ತಿದ ಎರಡು ಕೈಗಳು ಪೂರಾ ಹೊರಗೆ ಬಂದಿದ್ದವು. ಹ್ಯಾಂಡಲ್ ಹಿಡಿದ ಎರಡು ಕೈಗಳೂ ಹಾಗೇ ಇದ್ದವು. ಬೈಕಿನ ಮೇಲೆ ನಾಲ್ಕು ಕೈಗಳ ಹುಡುಗಿ.

“ಜನ ಈಗ ಇನ್ನೂ ಹೆಚ್ಚು ನಿಂದರ್ತಾರ್ರಿ” ಎಂದಳು ರೇಣುಕಾ. “ಕೆಲವು ಮುದುಕೇರು ದೇವಿ ಅಂತ ಕೈ ಮುಗೀತಾರ.”

ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದೆ. ಕಸುಬಿನ ಬುದ್ಧಿ, ಸುಮ್ಮನಿರಲಿಲ್ಲ. ನನಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. “ಒಂದು ಜೊತೆ ಅಳಿಸಿ ಚೊಕ್ಕ ಮಾಡ್ಲೇನು? ಯಾವ ಜೊತೆ ತೆಗೀಲಿ ಹೇಳು” ಎಂದೆ.

ರೇಣುಕಾ ಪರದೆಯ ಹತ್ತಿರ ಬಗ್ಗಿ ಮೇಲಿನ ಕೈಗಳನ್ನು ನೋಡಿದಳು, ಕೆಳಗಿನ ಕೈಗಳನ್ನು ನೋಡಿದಳು. ಹ್ಯಾಂಡಲ್ ಸುತ್ತಿದ್ದ ಹೆಬ್ಬೆರಳಿನ ಮೇಲೆ, ಆ ಉಗುರಿನ ಮೇಲೆ, ಬೆರಳಿಟ್ಟಳು.

“ಎರಡೂ ಇರ್ಲಿ ಬಿಡ್ರಿ ಅಕ್ಕಾ. ಕೈ ಬಿಟ್ಟಾವನೂ ಅಪ್ಪನೇ, ಹಿಡ್ದಾವನೂ ಅಪ್ಪನೇ.”

ನಾನು ಪ್ರಿಂಟ್ ಕೊಟ್ಟೆ.